ಅಪ್‌ಡೇಟ್: ಕಾರ್ ಸ್ಪೀಕರ್‌ನ ಚುಚ್ಚುವ ‘ಸ’ಕಾರ ತಗ್ಗಿತು

ಕಾರಿಗೆ ಹೊಸ ಕಾಂಪೊನೆಂಟ್ ಸ್ಪೀಕರ್ (ದೊಡ್ಡ ಸ್ಪೀಕರ್, ಟ್ವೀಟರ್ ಬೇರೆ ಬೇರೆ ಇರುವ ಸೆಟ್) ಹಾಕಿಸಿದ ಮೇಲೆ ಹಾಡಿನಲ್ಲಿ ‘ಸ’, ‘ಶ’, ‘ಚ’ ಬಂದಾಗಲೆಲ್ಲ ಕಿವಿಗೆ ಚುಚ್ಚುತ್ತದೆ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ಈಗ ಬಹುಮಟ್ಟಿಗೆ ಸರಿಯಾಗಿದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಲೌಡ್‌ನೆಸ್ (ಬೇಸ್, ಟ್ರೆಬಲ್ ಹೆಚ್ಚಿಸುವ ಸೆಟ್ಟಿಂಗ್) ಆಫ್ ಮಾಡಿ ಟ್ರೆಬಲ್ (ತೀಕ್ಷ್ಣ ಸದ್ದಿನ ಮಟ್ಟ) ಸೊನ್ನೆಗೆ ತಂದಾಗ ಸ್ವಲ್ಪ ವ್ಯತ್ಯಾಸ ಆಯಿತು, ಅಷ್ಟೇ. ನಿಜವಾದ ಬದಲಾವಣೆ ಕಂಡಿದ್ದು ಟ್ವೀಟರ್ (ತೀಕ್ಷ್ಣ ಸದ್ದಿನ ಚಿಕ್ಕ ಸ್ಪೀಕರ್) ದಿಕ್ಕು ಬದಲಿಸಿದಾಗ. ಅವು ಡ್ಯಾಶ್‌ಬೋರ್ಡ್ ಮೇಲೆ ಮುಂದಿನ ಗಾಜಿಗೆ ಮುಖ ಮಾಡಿದ್ದವು. ನೇರ ಸದ್ದಿನ ಜೊತೆ ಗಾಜಿಗೆ ಬಡಿದು ಬರುವ ಸದ್ದೂ ಸೇರುತ್ತಿತ್ತು. ಈಗ ಎರಡನ್ನೂ ಮುಂದಿನ ಸೀಟುಗಳ ನಡುವಿನ ಜಾಗಕ್ಕೆ ತಿರುಗಿಸಿದ್ದೇನೆ. ಆಮೇಲೆ ಪ್ಯಾಸಿವ್ ಕ್ರಾಸ್‌ಓವರ್ ಡಬ್ಬಿ (ಸದ್ದನ್ನು ಟ್ವೀಟರ್‌ಗೂ ದೊಡ್ಡ ಸ್ಪೀಕರ್‌ಗೂ ಹಂಚುವುದು) ತೆರೆದು ಟ್ವೀಟರ್ ಮಟ್ಟ ಆರಿಸುವ ಪುಟ್ಟ ಪಿನ್, ಅಂದರೆ ಜಂಪರನ್ನು 0ಯಿಂದ -3 ಡಿಬಿಗೆ ಹಾಕಿದೆ. ಎಷ್ಟೋ ಕಾಂಪೊನೆಂಟ್ ಸೆಟ್‌ಗಳಲ್ಲಿ ಈ ಸೌಲಭ್ಯ ಇರುತ್ತದೆ, ಒಮ್ಮೆ ತೆರೆದು ನೋಡಿ.

ಇಷ್ಟಾದರೂ ಕೆಲವು ಗಾಯಕಿಯರ ದನಿಯಲ್ಲಿ ಮೊನಚು ಉಳಿದಿತ್ತು. ಈಕ್ವಲೈಜರ್‌ನಲ್ಲಿ 6.3 ಕಿಲೋಹರ್ಟ್ಸ್ ಬ್ಯಾಂಡ್ ಮಾತ್ರ 2 ಡಿಬಿ ಇಳಿಸಿದೆ. ಚುಚ್ಚುವ ಭಾಗ ಹೆಚ್ಚಾಗಿ 5ರಿಂದ 8 ಕಿಲೋಹರ್ಟ್ಸ್ ಒಳಗೇ ಇರುತ್ತದೆ. ಸುಮ್ನೆ ಇಡೀ ಟ್ರೆಬಲ್ ಇಳಿಸಿದರೆ ತಾಳ, ಗೆಜ್ಜೆಯ ಹೊಳಪೂ ಹೋಗುತ್ತದೆ ಅಲ್ವಾ?

ಕಡಿಮೆ ಬಿಟ್‌ರೇಟ್‌ನ ಹಳೆಯ ಎಂಪಿ3ಗಳಲ್ಲಿ ಒರಟುತನ ಇನ್ನೂ ಇದೆ. ಅದು ಫೈಲಿನದ್ದೇ ತೊಂದರೆ. ಅವನ್ನು ಬದಲಿಸುತ್ತಿದ್ದೇನೆ.