ರಾಜ್ಯಗಳು ಕೊಡುವುದು ‘ಅನುಮೋದನೆ’ಯೇ, ‘ಸ್ಥಿರೀಕರಣ’ವೇ?

ಮಾನ್ಯರೆ,

ಸಂವಿಧಾನವನ್ನು ತಿದ್ದುಪಡಿ ಮಾಡುವ ಕ್ರಮವನ್ನು ಹೇಳುವ ಅದರ 368ನೇ ವಿಧಿಯನ್ನು ವಿವರಿಸುವ ಕನ್ನಡ ಬರಹಗಳಲ್ಲಿ ‘ಅನುಮೋದನೆ’ ಎಂಬ ಒಂದೇ ಪದವನ್ನು ಮೂರು ಬೇರೆ ಬೇರೆ ಕ್ರಿಯೆಗಳಿಗೆ ಬಳಸುವುದನ್ನು ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಸರಕು ಮತ್ತು ಸೇವಾ ತೆರಿಗೆಗಾಗಿ ತಂದ 101ನೇ ತಿದ್ದುಪಡಿಯನ್ನೇ ನೋಡೋಣ. ಮಸೂದೆಯನ್ನು 2016ರ ಆಗಸ್ಟ್ 3ರಂದು ರಾಜ್ಯಸಭೆಯೂ 8ರಂದು ಲೋಕಸಭೆಯೂ ಒಪ್ಪಿದವು. 12ರಂದು ಅಸ್ಸಾಂ ವಿಧಾನಸಭೆ ಎಲ್ಲ ರಾಜ್ಯಗಳಿಗಿಂತ ಮೊದಲು ಅದರ ಪರವಾಗಿ ನಿರ್ಣಯ ಕೈಗೊಂಡಿತು. ಅರ್ಧಕ್ಕೆ ಕಡಿಮೆಯಿಲ್ಲದಷ್ಟು ರಾಜ್ಯಗಳ ನಿರ್ಣಯಗಳು ಬಂದ ಮೇಲೆ ಸೆಪ್ಟೆಂಬರ್ 8ರಂದು ರಾಷ್ಟ್ರಪತಿಗಳು ಸಹಿ ಮಾಡಿದರು. ಈ ಮೂರನ್ನೂ ‘ಅನುಮೋದನೆ’ ಎಂದುಬಿಟ್ಟರೆ, ಇಂಥ ವಿಷಯಗಳಲ್ಲಿ ಸಂಸತ್ತಿನ ವಿಶೇಷ ಬಹುಮತವಿದ್ದರೂ ರಾಜ್ಯಗಳು ತಡೆಯಬಲ್ಲವು ಎಂಬ ಒಕ್ಕೂಟದ ತಿರುಳೇ ಓದುಗರಿಗೆ ಕಾಣದೆ ಹೋಗುತ್ತದೆ.

ಸದನಗಳದ್ದಕ್ಕೆ ‘ಅಂಗೀಕಾರ’, ರಾಷ್ಟ್ರಪತಿಗಳದ್ದಕ್ಕೆ ‘ಅಂಕಿತ’ ಎಂಬ ಒಳ್ಳೆಯ ಪದಗಳು ರೂಢಿಯಲ್ಲಿವೆ. ತೊಡಕಿರುವುದು ನಡುವಿನದಕ್ಕೆ, ಅಂದರೆ ಇಂಗ್ಲಿಷಿನಲ್ಲಿ ‘ratification’ ಎನ್ನುವ, ರಾಜ್ಯಗಳು ಕೊಡುವ ಒಪ್ಪಿಗೆಗೆ. ‘ಅನುಸಮರ್ಥನೆ’ ನನಗೆ ಒಗ್ಗುವುದಿಲ್ಲ. ‘ತಪ್ಪನ್ನು ಸಮರ್ಥಿಸಿಕೊಂಡ’ ಎನ್ನುವಂತೆ ಕನ್ನಡದಲ್ಲಿ ಸಮರ್ಥನೆಯೆಂದರೆ ವಾದ ಮಾಡಿ ಎತ್ತಿಹಿಡಿಯುವುದು. ‘ದೃಢೀಕರಣ’ ಎಂದರೆ ಕಚೇರಿಯ ದೃಢೀಕರಣ ಪತ್ರವೇ ನೆನಪಾಗುತ್ತದೆ. ‘ಸ್ಥಿರೀಕರಣ’ಕ್ಕೆ ಬೆಲೆ ಸ್ಥಿರೀಕರಣದ ಅರ್ಥವೂ ಅಂಟಿಕೊಂಡಿದೆಯಾದರೂ, ಒಬ್ಬರು ಮಾಡಿದ್ದನ್ನು ಮತ್ತೊಬ್ಬರು ಗಟ್ಟಿಗೊಳಿಸುವ ಭಾವ ಅದರಲ್ಲಿದೆ. ಅಧ್ಯಕ್ಷರ ಅಂಕಿತವೇ ಬೇಕಿಲ್ಲದ, ನಾಲ್ಕನೇ ಮೂರರಷ್ಟು ರಾಜ್ಯಗಳು ಒಪ್ಪಲೇಬೇಕಾದ ಅಮೆರಿಕದ ಕ್ರಮಕ್ಕೂ ಅದು ಹೊಂದುತ್ತದೆ: 1789ರಲ್ಲಿ ಅಲ್ಲಿನ ಕಾಂಗ್ರೆಸ್ ಮುಂದಿಟ್ಟ 27ನೇ ತಿದ್ದುಪಡಿ ರಾಜ್ಯಗಳ ಸ್ಥಿರೀಕರಣ ಪಡೆದು ಸಂವಿಧಾನಕ್ಕೆ ಸೇರಿದ್ದು 1992ರಲ್ಲಿ.

‘ತಿದ್ದುಪಡಿ’ಯ ಬಗ್ಗೆಯೂ ಒಂದು ಮಾತು ಹೇಳಬೇಕು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದಾಗ ಸಂವಿಧಾನದ ಮೊದಲನೇ ಅನುಸೂಚಿಯಲ್ಲಿ ಹೆಸರು ಬದಲಾಯಿತು. ಆದರೆ 4ನೇ ವಿಧಿಯ ಪ್ರಕಾರ ಅಂಥ ಬದಲಾವಣೆ 368ನೇ ವಿಧಿಯ ಅರ್ಥದಲ್ಲಿ ತಿದ್ದುಪಡಿಯಲ್ಲ. ಸಂಸತ್ತಿನ ಸರಳ ಬಹುಮತ ಸಾಕು, ರಾಜ್ಯದಿಂದ ಕೇಳಬೇಕಾದದ್ದು ‘ಅಭಿಪ್ರಾಯ’ ಮಾತ್ರ. ಅಭಿಪ್ರಾಯವನ್ನು ಬದಿಗಿರಿಸಬಹುದು, ಸ್ಥಿರೀಕರಣವನ್ನು ಬದಿಗಿರಿಸಲಾಗದು. ಆದ್ದರಿಂದ ಇವೆರಡರ ನಡುವಿನ ಗೆರೆ ಪದದಲ್ಲೇ ಎದ್ದು ಕಾಣಬೇಕೆಂದು ನನ್ನ ಆಗ್ರಹ.

ವಿಧಾನಮಂಡಲದ ಕಲಾಪ ಬರೆಯುವವರು, ಕಾನೂನು ಅನುವಾದದಲ್ಲಿ ಪಳಗಿದವರು ಈ ನಡುವಿನ ಕ್ರಿಯೆಗೆ ಯಾವ ಪದ ಬಳಸುತ್ತಾರೆ? ‘ಸ್ಥಿರೀಕರಣ’ಕ್ಕಿಂತ ತಿಳಿಯಾದ ಪದವಿದ್ದರೆ ಬಳಕೆಯ ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.