ದರೆಯ ಬಿಲದಲ್ಲಿ ನರಿ ಮರಿ ಹಾಕಿದೆ, ಬೋನು ಇಟ್ಟು ಹಿಡಿಯಬಹುದಾ?

ಪರ್ಕಳದವ:
ಮಣಿಪಾಲ–ಪರ್ಕಳದ ನಡುವೆ 18 ಸೆಂಟ್ಸ್ ಜಾಗ. ಮೂರು ಬದಿ ಐದಡಿಯ ಕೆಂಪುಕಲ್ಲಿನ ಕಂಪೌಂಡ್, ಹಿಂದೆ ದರೆ (ಕಡಿದಾದ ಮಣ್ಣಿನ ಬದಿ), ಅದರಾಚೆ ಪೊದೆ ಬೆಳೆದ ಖಾಲಿ ಸೈಟು. ದರೆಯ ಬುಡದ ಬಿಲದಲ್ಲಿ ನರಿ ಮರಿ ಹಾಕಿದೆ, ಮೂರು ಮರಿ ಕಣ್ಣಿಗೆ ಬಿದ್ದಿವೆ. ಹದಿನೈದು ದಿನದಲ್ಲಿ ಆರು ಊರಕೋಳಿ ಹೋದವು. ಗೂಡಿಗೆ ಹೊಡೆದದ್ದು ಆರು ಮೂಲೆಯ ಕಣ್ಣಿನ ತೆಳು ತಂತಿ ಬಲೆ, ಕೆಳಮೂಲೆ ಹರಿದು ನುಗ್ಗಿದೆ. ಇಂಗ್ಲೆಂಡಿನ ವಿಡಿಯೋಗಳಲ್ಲಿ ಬೋನಿಟ್ಟು ಹಿಡಿಯುವುದನ್ನು ತೋರಿಸ್ತಾರೆ. ಹಾಗೆ ಹಿಡಿದು ಆಗುಂಬೆ ಘಾಟಿಯಲ್ಲಿ ಬಿಟ್ಟರೆ ತೊಂದರೆ ಉಂಟಾ? ಪಕ್ಕದವರು ವಿಷ ಇಡುವ ಮಾತಾಡ್ತಿದ್ದಾರೆ, ಅದು ಬೇಡ ಅಂತಲೇ ಕೇಳ್ತಿರುವುದು.

ಕಡತದವ:
ಮೊದಲಿಗೆ, ಅಲ್ಲಿನ ಕೆಂಪು ನರಿಯೇ ಬೇರೆ, ನಮ್ಮ ಕುದ್ಕೆಯೇ (ತುಳುವಿನಲ್ಲಿ ನರಿ) ಬೇರೆ. ಬ್ರಿಟನ್ನಿನಲ್ಲಿ ಜಾಗದ ಯಜಮಾನ ಬೋನಿಡಬಹುದು, ಆದರೆ ವಿಷಕ್ಕೆ ಅಲ್ಲೂ ನಿಷೇಧ. ನಮ್ಮದು ಗುಳ್ಳೆನರಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ಕ್ಕೆ 2022ರಲ್ಲಿ ಆದ ತಿದ್ದುಪಡಿಯ ನಂತರ ಅದು ಅನುಸೂಚಿ 1ರಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ತಿದ್ದುಪಡಿ ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಿಂದ.

ಸೆಕ್ಷನ್ 2(16) ಓದಿ ನೋಡಿ. "ಬೇಟೆ" ಅಂದರೆ ಕೊಲ್ಲುವುದು ಮಾತ್ರ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ಬೋನಿಡುವುದು, ವಿಷ ಇಡುವುದು, ಆಮಿಷ ಒಡ್ಡುವುದು, ಅಟ್ಟಿಕೊಂಡು ಹೋಗುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಬೋನಿಗೆ ನರಿ ಬೀಳದಿದ್ದರೂ ಕೇಸು ಆಗುತ್ತದೆ. ಅನುಸೂಚಿ 1ರ ಪ್ರಾಣಿಯಾದರೆ ಸೆಕ್ಷನ್ 51ರ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ವಿಷ ತಿಂದು ಯಾರದೋ ನಾಯಿ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325ರ (ಪ್ರಾಣಿಯನ್ನು ಕೊಂದದ್ದಕ್ಕೆ) ಕೇಸು ಬೇರೆ. ಪಕ್ಕದವರಿಗೆ ಇದನ್ನು ಓದಿ ಹೇಳಿ.

ಹಿಡಿಯಲು ಅನುಮತಿ ಕೊಡುವವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು, ಸೆಕ್ಷನ್ 11ರಲ್ಲಿ, ಕಾರಣ ಬರೆದು. ಅದೂ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯ ತರುತ್ತಿದ್ದರೆ ಅಥವಾ ಗುಣವಾಗದಷ್ಟು ಗಾಯ, ರೋಗ ಇದ್ದರೆ ಮಾತ್ರ. ಆಸ್ತಿ ಹಾನಿಯ ಕಾರಣ ಅನುಸೂಚಿ 2ರ ಪ್ರಾಣಿಗಳಿಗಷ್ಟೇ ಅನ್ವಯ. ಹಾಗಾಗಿ ಆರು ಕೋಳಿ ಹೋದವು ಅಂತ ಅರ್ಜಿ ಹಾಕಿ ಪ್ರಯೋಜನ ಇಲ್ಲ. ನಗರಸಭೆಗೂ ಹೋಗಬೇಡಿ, ಬೀದಿನಾಯಿ ಹಿಡಿಯುವ 2023ರ ನಿಯಮ ಕಾಡುಪ್ರಾಣಿಗೆ ಅನ್ವಯಿಸುವುದಿಲ್ಲ. ಗಾಯಗೊಂಡ, ಬಾವಿಗೆ ಬಿದ್ದ ನರಿ ಇದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ, ನೀವೇ ಕೈಹಾಕಬೇಡಿ.

ಇನ್ನು ಆಗುಂಬೆ. ಆ ಘಾಟಿ ರಸ್ತೆ ಹೋಗುವುದೇ ಸೋಮೇಶ್ವರ ಅಭಯಾರಣ್ಯದ ಒಳಗೆ! ಕಾನೂನು ಬದಿಗಿಟ್ಟರೂ ಲಾಭವಿಲ್ಲ. ನರಿ ಜೋಡಿಯಾಗಿ ಜಾಗ ಹಿಡಿದುಕೊಳ್ಳುವ ಪ್ರಾಣಿ. ಒಂದು ಜೋಡಿ ಹೋದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ತಾಯಿಯನ್ನು ಮಾತ್ರ ಒಯ್ದರೆ ಬಿಲದಲ್ಲಿ ಮರಿಗಳು ಸಾಯುತ್ತವೆ.

ವೆಲ್ಡಿಂಗ್ ಭಟ್ರು:
ಕಾಯ್ದೆ ಆಯ್ತಲ್ಲ, ಗೂಡಿನ ವಿಷಯಕ್ಕೆ ಬರುವ. ಆರು ಮೂಲೆಯ ಬಲೆ ಕೋಳಿ ಹೊರಗೆ ಹೋಗದಿರಲಿಕ್ಕೆ, ನರಿ ಒಳಗೆ ಬಾರದಿರಲಿಕ್ಕೆ ಅಲ್ಲ. 14 ಗೇಜಿನ, ಒಂದಿಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿ. ಮರಿಕೋಳಿ ಇದ್ದರೆ ಹಾವಿಗಾಗಿ ಕೆಳಗಿನ ಎರಡಡಿಗೆ ಅರ್ಧ ಇಂಚಿನದ್ದು. ಮರದ ಚೌಕಟ್ಟಿಗೆ ಯು ಮೊಳೆ ಹೊಡೆಯಬೇಡಿ, ನರಿ ಎಳೆದರೆ ಕಿತ್ತು ಬರುತ್ತದೆ. ನಾಲ್ಕಿಂಚಿಗೊಂದು ಸ್ಕ್ರೂ, ಅದರಡಿ ಅಗಲ ವಾಷರ್.

ನರಿ ಅಗೆಯುವುದು ಗೋಡೆಯ ಬುಡದಲ್ಲೇ. ಎರಡಡಿ ಹಿಂದೆ ಸರಿದು ಅಗೆಯಬೇಕು ಅಂತ ಅದಕ್ಕೆ ಹೊಳೆಯುವುದಿಲ್ಲ. ಆದ್ದರಿಂದ ಗೂಡಿನ ಸುತ್ತ ನೆಲದ ಮೇಲೆ ಎರಡಡಿ ಅಗಲದ ಮೆಶ್ ಹಾಸಿ. ನಮ್ಮ ಮುರಕಲ್ಲಿನ (ಕೆಂಪುಕಲ್ಲಿನ) ನೆಲದಲ್ಲಿ ಒಂದಡಿ ಅಗೆದು ಹೂಳುವುದಕ್ಕಿಂತ ಇದೇ ಸಲೀಸು. 6×4 ಅಡಿಯ ಗೂಡಿಗೆ ಸುತ್ತಳತೆ 20, ಮೂಲೆಗೆ ಎರಡಡಿಯಂತೆ ನಾಲ್ಕು ಮೂಲೆ ಸೇರಿ 28 ಅಡಿ ಉದ್ದ ಬೇಕು. ಜನ 20 ಅಡಿ ತಂದು ಮೂಲೆ ಖಾಲಿ ಬಿಡುತ್ತಾರೆ, ನರಿ ಅಲ್ಲೇ ಅಗೆಯುತ್ತದೆ. ಹಾಸಿದ ಮೆಶ್ಶನ್ನು ಗೂಡಿನ ಬುಡಕ್ಕೆ ತಂತಿಯಲ್ಲಿ ಹೊಲಿದು ಮೇಲೆ ಒಡೆದ ಕೆಂಪುಕಲ್ಲು ಹೇರಿ. ಕಡಲ ಗಾಳಿಗೂ ಕೋಳಿ ಹಿಕ್ಕೆಗೂ ನೆಲ ಮುಟ್ಟಿದ ಭಾಗ ಬೇಗ ತುಕ್ಕು ಹಿಡಿಯುತ್ತದೆ, ಹಾಸುವ ಮೊದಲೇ ಬಿಟುಮೆನ್ ಪೇಂಟ್ ಬಳಿಯಿರಿ.

ಬಾಗಿಲಿಗೆ ಮೇಲೊಂದು, ಕೆಳಗೊಂದು ಚಿಲಕ. ಒಂದೇ ಇದ್ದರೆ ಕೆಳಮೂಲೆಯನ್ನು ಮೂತಿಯಲ್ಲಿ ಒತ್ತಿ ಸಂದು ಮಾಡುತ್ತದೆ. ಸೂರ್ಯ ಮುಳುಗುವ ಮೊದಲೇ ಕೋಳಿ ಒಳಗಿರಬೇಕು.

ತೋಡಿನ ಬದಿ:
ಗೇಟಿನಡಿ ಎಷ್ಟು ಸಂದು ಉಂಟು? ನಾಲ್ಕಿಂಚು ಇದ್ದರೆ ನರಿ ಬರುವುದು ಅಲ್ಲಿಂದಲೇ. ಮಳೆನೀರು ಹೋಗುವ ತೂತಿಗೆ 8 ಎಂಎಂ ಸರಳು, ಎರಡಿಂಚು ಅಂತರದಲ್ಲಿ. ಜೂನಿನಲ್ಲಿ ತರಗೆಲೆ ಕಟ್ಟುತ್ತದೆ, ತಿರುಗಿಸಿ ತೆಗೆಯುವ ಹಾಗೆ ಕೂರಿಸಿ.

ನರಿ ಓಡಿಸಲು ಮಾರುವ ವಾಸನೆ ಪುಡಿ ನಮ್ಮ ಒಂದು ಮಳೆಗೆ ಮುಗಿಯಿತು. ಚಲನೆಗೆ ಉರಿಯುವ ಸೋಲಾರ್ ಲೈಟು ಮೊದಲು ಕೆಲಸ ಮಾಡುತ್ತದೆ, ಆಮೇಲೆ ರೂಢಿಯಾಗುತ್ತದೆ. ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಿ. ಮೀನಿನ ತಲೆ-ಕರುಳು ತೆಂಗಿನ ಬುಡದಲ್ಲಿ ಹೂತರೆ ಅದೇ ಕರೆಯೋಲೆ. ಬಿದ್ದ ಹಲಸು ಸಂಜೆಯೊಳಗೆ ಎತ್ತಿ. ನರಿ ಹಣ್ಣೂ ತಿನ್ನುತ್ತದೆ ಅಂತ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಪರ್ಕಳದವ:
ಬಿಲಕ್ಕೆ ಕಾಂಕ್ರೀಟ್ ಹಾಕಬಹುದಾ?

ತೋಡಿನ ಬದಿ:
ಮರಿ ಇರುವಾಗ ಮುಟ್ಟಲೇಬೇಡಿ, ಮುಚ್ಚಿದರೆ ಅದು ಕೊಂದಂತೆಯೇ. ಎರಡು ಮೂರು ತಿಂಗಳಿಗೆ ಮರಿಗಳು ಬಿಲ ಬಿಡುತ್ತವೆ. ಆಮೇಲೆ ಬಾಯಿಗೆ ಒಣ ತರಗೆಲೆ ಸಡಿಲವಾಗಿ ತುಂಬಿ, ಮುಂದೆ ಹೊಯಿಗೆ (ಮರಳು) ಹರಡಿ. ಐದು ರಾತ್ರಿ ಎಲೆ ಅಲುಗದೆ, ಹೆಜ್ಜೆ ಮೂಡದೆ ಇದ್ದರೆ ಖಾಲಿ. ಆಗ ಕಲ್ಲುಚೂರು ತುಂಬಿ ಮೇಲೆ ಮೆಶ್ ಬಿಗಿಯಿರಿ. ಕಾಂಕ್ರೀಟ್ ಬೇಡ, ದರೆಯ ಒಸರು ನೀರಿಗೆ ದಾರಿ ಇಲ್ಲದೆ ಮಳೆಗಾಲದಲ್ಲಿ ದರೆಯೇ ಜಾರೀತು.

ದನದ ಡಾಕ್ಟ್ರು:
ಒಂದು ಮಾತು ಬಿಟ್ಟುಹೋಗಿದೆ. ಹಗಲಲ್ಲಿ ನರಿ ಕಂಡ ಮಾತ್ರಕ್ಕೆ ಹುಚ್ಚಲ್ಲ, ಮರಿ ಇರುವಾಗ ಹಗಲೂ ತಿರುಗುತ್ತದೆ. ತೂರಾಡುತ್ತಾ, ಜೊಲ್ಲು ಸುರಿಸುತ್ತಾ, ಹೆದರದೆ ಹತ್ತಿರ ಬಂದರೆ ದೂರ ಇರಿ; ರೇಬೀಸ್ ಇರಬಹುದು, ಡಿಸ್ಟೆಂಪರ್ (ನಾಯಿ ಜಾತಿಗೆ ಬರುವ ವೈರಸ್ ರೋಗ) ಕೂಡ ಇರಬಹುದು. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ. ಕಾಡುಪ್ರಾಣಿಯ ಕಡಿತವನ್ನು ಮೂರನೇ ದರ್ಜೆ, ಅಂದರೆ ಅತಿ ಗಂಭೀರ, ಅಂತಲೇ ಪರಿಗಣಿಸುತ್ತಾರೆ: ಗಾಯದ ಸುತ್ತ ಇಮ್ಯುನೋಗ್ಲಾಬುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ) ಚುಚ್ಚುಮದ್ದು, ಜೊತೆಗೆ ಪೂರ್ತಿ ಲಸಿಕೆ. ಕಚ್ಚಿದ ಪ್ರಾಣಿ ಆರೋಗ್ಯವಾಗಿ ಉಳಿಯುತ್ತದಾ ಅಂತ ಹತ್ತು ದಿನ ಕಾದು ನೋಡುವ ಲೆಕ್ಕ ನಾಯಿ-ಬೆಕ್ಕಿಗೆ, ನರಿಗಲ್ಲ. ಮನೆಯ ನಾಯಿಗೆ ಈ ವರ್ಷದ ಚುಚ್ಚುಮದ್ದು ಆಗಿದೆಯಾ, ಇವತ್ತೇ ಕಾರ್ಡ್ ನೋಡಿ.