ಮಗು ಯಾರ ‘ವಶ’? ಸರಿಯಾದ ಪದ ಬೇಕಿತ್ತು

ಉಡುಪಿಯಿಂದ ಬರೆಯುತ್ತಿದ್ದೇನೆ. ಎರಡು ಮೂರು ಪದಗಳ ಬಗ್ಗೆ ಬಲ್ಲವರ ಸಹಾಯ ಬೇಕು. ಸ್ವಲ್ಪ ಅವಸರವೂ ಇದೆ.

ನನ್ನ ಅಕ್ಕನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವೊಮ್ಮೆ ಅತಿ ಉತ್ಸಾಹಕ್ಕೆ, ಕೆಲವೊಮ್ಮೆ ಖಿನ್ನತೆಗೆ ಹೋಗುವ ಮಾನಸಿಕ ಕಾಯಿಲೆ. ಭಾವ ಒಂದೂವರೆ ವರ್ಷದಿಂದ ಮಂಗಳೂರಿನಲ್ಲಿ ಬೇರೆ ಇದ್ದಾರೆ. ನಾಲ್ಕು ವರ್ಷದ ಮಗಳು ಅಕ್ಕನೊಟ್ಟಿಗೆ ನಮ್ಮ ಮನೆಯಲ್ಲೇ ಇದ್ದಾಳೆ. ಈಗ ಭಾವ ಕೋರ್ಟಿಗೆ ಹೋಗಿದ್ದಾರೆ. ಅರ್ಜಿಯಲ್ಲಿ ‘ಅಪ್ರಾಪ್ತ ಮಗುವನ್ನು ಅರ್ಜಿದಾರರ ವಶಕ್ಕೆ ಒಪ್ಪಿಸಬೇಕು’ ಎಂದಿದೆ; ‘ಕಸ್ಟಡಿ’ ಅನ್ನುವುದಕ್ಕೆ ‘ವಶ’ ಎಂದು ಹಾಕಿದ್ದಾರೆ. ಓದಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ: “ವಶಕ್ಕೆ ಅಂದ್ರೆ ಪೊಲೀಸಿನವರು ಬರ್ತಾರಾ?”

ಅಮ್ಮನ ತಪ್ಪಿಲ್ಲ. ಇಲ್ಲಿನ ಪೇಪರಿನಲ್ಲಿ ವಶ ಅಂದರೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿದ ಚಿನ್ನ, ಇಲ್ಲವೇ ಮರಳಿನ ಲಾರಿ. ‘ಸುಪರ್ದಿ’ ಕೂಡ ಸಾಮಾನು ಒಪ್ಪಿಸಿದ ಹಾಗೇ ಕೇಳುತ್ತದೆ. ‘ಪಾಲನೆ’ ಚೆನ್ನಾಗಿದೆ, ಆದರೆ ಅದಕ್ಕೆ ‘ಪಾಲಕ’ (ಗಾರ್ಡಿಯನ್) ಅಡ್ಡ ಬರುತ್ತಾನೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯ 6ನೇ ಕಲಮಿನಲ್ಲಿ ಮೊದಲ ಪಾಲಕ ತಂದೆ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತಲೂ ಅದೇ ಕಲಮು ಹೇಳುತ್ತದೆ. ಅಂದರೆ ಪಾಲಕ ಒಬ್ಬರು, ಮಗು ಇರುವುದು ಇನ್ನೊಬ್ಬರ ಹತ್ತಿರ. ಎರಡಕ್ಕೂ ಪಾಲನೆ ಅಂದುಬಿಟ್ಟರೆ ಗೊಂದಲ ಅಲ್ವಾ?

ನನಗೆ ಜಾಸ್ತಿ ನೋವಾದದ್ದು ಇನ್ನೊಂದು ಪದದಿಂದ. ಅಕ್ಕನನ್ನು ‘ಅಸ್ವಸ್ಥಚಿತ್ತೆ’ ಎಂದು ಬರೆದಿದ್ದಾರೆ. ತುಳುವಿನಲ್ಲಿ ‘ಮರ್ಲ್’ (ಹುಚ್ಚು) ಅಂತ ಸಿಟ್ಟಿನಲ್ಲಿ ಅಂದರೂ ಸಂಜೆಗೆ ಮರೆತುಹೋಗುತ್ತದೆ. ಇದು ಕಾಗದದಲ್ಲಿ ಉಳಿಯುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಕಲಮಿನ ಪ್ರಕಾರ, ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಯಾರೂ ಅಸ್ವಸ್ಥಚಿತ್ತರಾಗುವುದಿಲ್ಲ. ಹಾಗೆಂದು ಕೋರ್ಟೇ ಹೇಳಬೇಕು. ಎರಡು ಬೇರೆ ವಿಷಯಗಳಿಗೆ ಒಂದೇ ಪದ ಹಾಕುವುದು ಬರೀ ಭಾಷೆಯ ತಪ್ಪಲ್ಲ.

ಅಕ್ಕನ ಮಾತ್ರೆ ಡಬ್ಬಿಗೆ ಏಳು ಮುಚ್ಚಳ. ಅಕ್ಕನ ಮಗಳು ವಾರದ ಹೆಸರು ಕಲಿತದ್ದೇ ಅದರಿಂದ. ರಾತ್ರಿ ಊಟ ಆದ ಮೇಲೆ “ಅಮ್ಮಾ, ಬುಧವಾರ” ಅಂತ ಅವಳೇ ನೆನಪಿಸುತ್ತಾಳೆ. ಕಾಯಿಲೆಯನ್ನು ನಾವು ಮುಚ್ಚಿಡುವುದಿಲ್ಲ. ಹೋದ ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಅಕ್ಕ ಆಸ್ಪತ್ರೆಯಲ್ಲಿದ್ದಳು. ಹೋಗುವ ಮೊದಲು ಅವಳಾಗಿಯೇ ಹೇಳಿದ್ದಳು: “ಎರಡು ರಾತ್ರಿಯಿಂದ ನಿದ್ದೆ ಇಲ್ಲ ನಂಗೆ, ಆದ್ರೂ ಸುಸ್ತಿಲ್ಲ. ಮಗುವನ್ನು ನಿನ್ನ ಹತ್ತಿರ ಮಲಗಿಸಿಕೋ.” ನಿದ್ದೆ ಬೇಡವಾಗುವುದೇ ಅವಳಿಗೆ ಮೊದಲ ಸೂಚನೆ. ಮಗು ಮೂರು ವಾರ ನನ್ನೊಟ್ಟಿಗೆ ಇತ್ತು, ಅಕ್ಕನ ಹಳೇ ಸೀರೆ ಹೊದ್ದು ಮಲಗುತ್ತಿತ್ತು. ಹೀಗೆ ಹುಷಾರಿಲ್ಲದಾಗ ಮನೆಯವರಿಗೆ ಒಪ್ಪಿಸಿ, ಗುಣವಾದ ಮೇಲೆ ವಾಪಸ್ ಕರೆದುಕೊಳ್ಳುವುದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ? ಅರ್ಜಿಯವರು ಅದನ್ನು ‘ತ್ಯಜಿಸಿದ್ದಾರೆ’ ಎಂದು ಬರೆದಿದ್ದಾರೆ.

ಭಾವ ಭಾನುವಾರ ಬರುತ್ತಾರೆ, ಮಲ್ಪೆಗೆ ಕರೆದುಕೊಂಡು ಹೋಗುತ್ತಾರೆ. ಮಗುವಿಗೆ ಅಪ್ಪ ಅಂದರೆ ಪ್ರಾಣ. ಅದು ತಪ್ಪಬಾರದು. ಆದರೆ ಅದನ್ನು ‘ಸಂದರ್ಶನ’ ಅಂದರೆ ಕೆಲಸಕ್ಕೆ ಹೋದ ಹಾಗಾಗುತ್ತದೆ. ‘ಭೇಟಿ’ ಸಾಕಲ್ಲ?

ಮುಂದಿನ ವಾಯಿದೆಗೆ ನಮ್ಮ ತಕರಾರು ಕೊಡಬೇಕು. ಜೊತೆಗೆ ಅಮ್ಮನದ್ದೊಂದು ಅಫಿಡವಿಟ್. ಸಹಿ ಹಾಕುವವರಿಗೆ ಅರ್ಥ ಆಗಬೇಕು ಅಂತ ಅದರ ಕನ್ನಡ ನನ್ನನ್ನೇ ಬರೆಯಲು ವಕೀಲರು ಹೇಳಿದ್ದಾರೆ. ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಮಗು ಹುಟ್ಟಿದಂದಿನಿಂದ ತಾಯಿಯೊಟ್ಟಿಗೆ ಇದೆ. ತಾಯಿಗೆ ಮಾನಸಿಕ ಕಾಯಿಲೆ ಇದ್ದು, ಚಿಕಿತ್ಸೆ ಪಡೆಯುತ್ತಿದ್ದಾಳೆ.’ ಊರಿನಲ್ಲಿ ಎಲ್ಲರೂ ಕೇಳುವುದು “ಮಗು ಯಾರೊಟ್ಟಿಗೆ ಉಂಟು?” ಅಂತಲೇ. ಆದರೆ ಬಯಲುಸೀಮೆ ಕಡೆ ‘ಒಟ್ಟಿಗೆ’ ಅಂದರೆ ಎಲ್ಲ ಒಂದೇ ಸಲಕ್ಕೆ ಎಂಬ ಅರ್ಥವೇ ಜಾಸ್ತಿಯಂತೆ. ಆ ಕಡೆಯ ಜಡ್ಜ್ ಓದಿದರೆ ಸರಿಯಾಗಿ ತಿಳಿಯುತ್ತದಾ, ‘ಜೊತೆ’ ಅಂತಲೇ ಹಾಕಲಾ?